ಜೋಡಿ ಕಟ್ಟುವ ಕಣ್ಣು, ತೂಗುವ ತಕ್ಕಡಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ತೆರಕಣಾಂಬಿಯಲ್ಲಿ ನಿಲ್ಲುತ್ತದೆ. ಚೆಂಡುಹೂವಿನ ಮೂಟೆ, ಬಾಳೆಗೊನೆ, ಕಾಲೇಜು ಹುಡುಗರ ಬ್ಯಾಗು ಹತ್ತಿಳಿಯುವ ಆ ಎರಡು ನಿಮಿಷದಲ್ಲಿ ಪಕ್ಕದಲ್ಲಿ ಯಾರಾದರೂ ಹಿರಿಯರು ಕೂತಿದ್ದರೆ, ‘ರಣಧೀರ ಕಂಠೀರವ ಇದೇ ಊರಲ್ಲಿ ಬೆಳುದ್ದು ಕಣಪ್ಪ’ ಎನ್ನುತ್ತಾರೆ. ಮಾತು ಸುಳ್ಳಲ್ಲ. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ಇದ್ದದ್ದು ತೆರಕಣಾಂಬಿಯಲ್ಲೇ. ಅವರ ಬಗ್ಗೆ ಎಲ್ಲರಿಗೂ ಗೊತ್ತಿರುವ ಕಥೆ ಆ ಕಾಲದ್ದು. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿ, ಅದರ ಕೆಳಗೆ ನುಸುಳಿ ಬರುವವರೆಲ್ಲ ತನಗೆ ಸೋತಂತೆ ಎಂದು ಸಾರಿದ್ದನಂತೆ. ಕಂಠೀರವ ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ, ಅವನನ್ನು ಸೋಲಿಸಿ, ಹೆಸರೂ ಹೇಳದೆ ಹಿಂದಿರುಗಿದರಂತೆ. ಒಬ್ಬರ ಬಾಯಲ್ಲಿ ಅದು ಕುಸ್ತಿ, ಇನ್ನೊಬ್ಬರ ಬಾಯಲ್ಲಿ ಕತ್ತಿವರಸೆ. 1960ರ ‘ರಣಧೀರ ಕಂಠೀರವ’ ಚಿತ್ರದಲ್ಲಿ ಆ ಪಾತ್ರ ಮಾಡಿದ ರಾಜಕುಮಾರ್ ಕೂಡ ಈ ಸೀಮೆಯವರೇ ಆದ್ದರಿಂದ ನಮ್ಮ ಕಡೆ ಕಥೆಗೂ ಸಿನಿಮಾಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ.

ಈ ಕಥೆಯನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ. ಇಷ್ಟು ಸಲ ಕೇಳಿದರೂ ಒಂದು ಪ್ರಶ್ನೆಯನ್ನು ಯಾರೂ ಕೇಳಿದ್ದು ನೆನಪಿಲ್ಲ: ಆ ಜಟ್ಟಿಯ ತೂಕವೆಷ್ಟು, ಕಂಠೀರವನ ತೂಕವೆಷ್ಟು? ಕೇಳಿದರೆ ಕಥೆ ಕೆಡುತ್ತದೆ. ಊರಬಾಗಿಲಿನಷ್ಟು ಎತ್ತರದ ಸೊಕ್ಕಿನೆದುರು ಹೆಸರಿಲ್ಲದ ಹುಡುಗನೊಬ್ಬ ನಿಲ್ಲುವುದೇ ಕಥೆಯ ರುಚಿ. ಸರಿಸಮ ಇಬ್ಬರು ಸೆಣಸಿದರೆ ಅದು ಹಾಡಾಗುವುದಿಲ್ಲ. ಕುಸ್ತಿ, ಜೂಡೊ, ಭಾರ ಎತ್ತುವಿಕೆಗಳ ಬಗ್ಗೆ ಕನ್ನಡದಲ್ಲಿ ಬರುವ ವರದಿ, ಸಿನಿಮಾಗಳನ್ನು ಒಂದಷ್ಟು ಕಾಲ ಗಮನಿಸಿದ ಮೇಲೆ ನನಗೆ ಅನಿಸಿದ್ದು ಇದು: ನಾವು ಇವತ್ತಿಗೂ ಪ್ರತಿಯೊಂದು ಪಂದ್ಯವನ್ನೂ ತಿರುಚಿನಾಪಳ್ಳಿಯ ಪಂದ್ಯವನ್ನಾಗಿ ಮಾಡಿಕೊಂಡೇ ಓದುತ್ತೇವೆ. ಹೀಗೆ ಓದುವುದರಿಂದ ಏನು ಕಾಣದೆ ಹೋಗುತ್ತದೆ ಎಂಬುದು ಈ ಬರಹದ ವಿಷಯ.

*

2022ರ ಆಗಸ್ಟ್ 1ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಜೂಡೊದಲ್ಲಿ, ಪುರುಷರ 60 ಕೆ.ಜಿ. ವಿಭಾಗದಲ್ಲಿ, ವಿಜಯ್ ಕುಮಾರ್ ಯಾದವ್ ಕಂಚು ಗೆದ್ದರು. ಕಂಚಿನ ಪಂದ್ಯದಲ್ಲಿ ಸೈಪ್ರಸ್‌ನ ಪೆಟ್ರೋಸ್ ಕ್ರಿಸ್ಟೊಡೌಲಿಡಿಸ್ ಅವರನ್ನು 58 ಸೆಕೆಂಡಿನಲ್ಲಿ ಇಪ್ಪೊನ್ ಮೂಲಕ ಸೋಲಿಸಿದರು. ಇಪ್ಪೊನ್ ಎಂದರೆ ನಮ್ಮ ನಾಡಕುಸ್ತಿಯ ‘ಚಿತ್’ ಇದ್ದ ಹಾಗೆ. ಎದುರಾಳಿಯನ್ನು ವೇಗದಿಂದ, ಹಿಡಿತ ಬಿಡದೆ ಬೆನ್ನ ಮೇಲೆ ಕೆಡವಿದರೆ ಅಲ್ಲಿಗೆ ಆಟ ಮುಗಿಯಿತು. ನಾಲ್ಕು ನಿಮಿಷದ ಗಡಿಯಾರ ನಿಲ್ಲುತ್ತದೆ.

ಆ ದಿನಗಳಲ್ಲಿ ನಾನು ಓದಿದ ವರದಿಗಳಲ್ಲೆಲ್ಲ ಎದ್ದು ಕಂಡದ್ದು ಆ 58 ಸೆಕೆಂಡು. ಅದು ಬೆರಗಿನ ಸಂಖ್ಯೆಯೇ. ಆದರೆ ಆ ದಿನದ ಆಕಾರ ಬೇರೆಯೇ ಇತ್ತು. ವಿಜಯ್ ಮೊದಲು ಮಾರಿಷಸ್‌ನ ವಿನ್ಸ್ಲಿ ಗಂಗಾಯ ಎದುರು ಗೆದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಜೋಶುವಾ ಕಾಟ್ಜ್ ಅವರಿಗೆ ಸೋತರು. ಕ್ವಾರ್ಟರ್‌ಫೈನಲ್‌ನಲ್ಲಿ ಸೋತವರಿಗೆ ಜೂಡೊ ಇನ್ನೊಂದು ಬಾಗಿಲು ತೆರೆದಿಟ್ಟಿರುತ್ತದೆ, ರೆಪೆಚೇಜ್. ಅಲ್ಲಿ ಸ್ಕಾಟ್ಲೆಂಡಿನ ಡೈಲನ್ ಮನ್ರೊ ಅವರನ್ನು ದಾಟಿ ಕಂಚಿನ ಪಂದ್ಯಕ್ಕೆ ಬಂದರು. ಅಂದರೆ ಇದು ಸೋಲು ನಡುವೆಯೇ ಬಂದು ಹೋದ ದಿನ. ಅದೇ ದಿನ ಸೋತು, ಬೆವರು ಒರೆಸಿಕೊಂಡು, ಚಿನ್ನ ಇನ್ನು ಸಿಗುವುದಿಲ್ಲವೆಂದು ತಿಳಿದೇ ಮತ್ತೆ ಎರಡು ಸಲ ಚಾಪೆ ಹತ್ತಿದ ಮನುಷ್ಯನ ಕಥೆ. ಗೆಲುವು ಒಂದು ಬೀಸಿಗೆ ಬರಬೇಕು ಎನ್ನುವ ನಮ್ಮ ಕಥನಕ್ಕೆ ಈ ಆಕಾರ ಹೊಂದುವುದಿಲ್ಲ. ಹಾಗಾಗಿ ಮೂರು ಪಂದ್ಯ ಕಳಚಿ ಬಿದ್ದು, ಕೊನೆಯ 58 ಸೆಕೆಂಡು ಮಾತ್ರ ಉಳಿಯಿತು.

ಕಳಚಿ ಬಿದ್ದ ಇನ್ನೊಂದು ಸಂಗತಿ, 60 ಎಂಬ ಅಂಕಿ. ವರದಿಯಲ್ಲಿ ಅದು ಇರುತ್ತದೆ, ಆದರೆ ಬಸ್ಸಿನ ಮಾರ್ಗಸಂಖ್ಯೆಯಂತೆ ಇರುತ್ತದೆ. 1990ರ ಆಕ್ಲೆಂಡ್ ಕ್ರೀಡಾಕೂಟದಲ್ಲಿ ನರೇಂದರ್ ಸಿಂಗ್ ಕಂಚು ಗೆದ್ದದ್ದು ಇದೇ 60 ಕೆ.ಜಿ.ಯಲ್ಲಿ. 2014ರಲ್ಲಿ ಗ್ಲಾಸ್ಗೋದಲ್ಲಿ ನವಜೋತ್ ಚನಾ ಬೆಳ್ಳಿ ಗೆದ್ದದ್ದೂ ಇದೇ ತೂಕದಲ್ಲಿ. ಪುರುಷರ ಜೂಡೊದ ಏಳು ವಿಭಾಗಗಳಲ್ಲಿ ಅತ್ಯಂತ ಹಗುರದ ವಿಭಾಗ ಇದು. ಕುಸ್ತಿಯಲ್ಲಿ ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವನ್ನು 1952ರಲ್ಲಿ ಹೆಲ್ಸಿಂಕಿಯಿಂದ ತಂದ ಕೆ.ಡಿ. ಜಾಧವ್ ಕೂಡ 57 ಕೆ.ಜಿ.ಯವರು. ಪುಟ್ಟ ದೇಹಗಳಿಗೆ ಅವುಗಳದೇ ಒಂದು ಅಂಗಳ ಗುರುತು ಹಾಕಿ ಕೊಟ್ಟದ್ದರಿಂದ ಬಂದ ಪದಕಗಳು ಇವು. ಆ ಗುರುತು ಇಲ್ಲದಿದ್ದರೆ ಈ ಹೆಸರುಗಳು ನಮಗೆ ತಿಳಿಯುತ್ತಿರಲಿಲ್ಲ.

*

ಜೂಡೊಗೂ ತನ್ನದೇ ತಿರುಚಿನಾಪಳ್ಳಿಯ ಕಥೆಯಿದೆ. 1882ರಲ್ಲಿ ಕಾನೊ ಜಿಗೊರೊ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ತೆರೆದಾಗ ಹಳೆಯ ಜುಜುತ್ಸುವಿನ ಪಟ್ಟುಗಳನ್ನು ಆರಿಸಿ, ಅಪಾಯದವನ್ನು ಬದಿಗಿಟ್ಟು, ಹೊಸ ಶಿಕ್ಷಣಕ್ರಮವೊಂದನ್ನು ಕಟ್ಟಿದರು. ‘ಜೂ’ ಎಂದರೆ ಮೃದು, ಬಾಗುವುದು. ಎದುರಾಳಿ ತಳ್ಳಿದರೆ ತಳ್ಳಿಸಿಕೊಂಡು ಅವನ ಬಲದಲ್ಲೇ ಅವನನ್ನು ಕೆಡವು ಎಂಬುದು ಅದರ ತಿರುಳು. ಚಿಕ್ಕವನು ದೊಡ್ಡವನನ್ನು ಬೀಳಿಸಬಲ್ಲ ಎಂಬ ಆಸೆ ಅದರ ಹೆಸರಿನಲ್ಲೇ ಇದೆ. ರವೀಂದ್ರನಾಥ ಠಾಕೂರರು 1929ರಲ್ಲಿ ತಕಗಾಕಿ ಶಿಂಜೊ ಎಂಬ ಜೂಡೊ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡದ್ದರ ಹಿಂದೆಯೂ ಆಳಿಸಿಕೊಂಡ ದೇಶವೊಂದಕ್ಕೆ ಆ ಆಸೆಯ ಸೆಳೆತ ಇದ್ದಿರಬೇಕು.

1964ರಲ್ಲಿ ಟೋಕಿಯೊದಲ್ಲೇ ಜೂಡೊ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂತು. 68, 80, 80ಕ್ಕೂ ಮೇಲ್ಪಟ್ಟು ಎಂಬ ಮೂರು ತೂಕದ ವಿಭಾಗಗಳು. ಜತೆಗೆ ತೂಕದ ಕಟ್ಟಿಲ್ಲದ ಒಂದು ‘ಮುಕ್ತ’ ವಿಭಾಗ. ತೂಕದ ಮೂರೂ ಚಿನ್ನ ಜಪಾನಿಗೆ ಹೋಯಿತು. ಮುಕ್ತ ವಿಭಾಗದ ಫೈನಲ್‌ನಲ್ಲಿ ಮಾತ್ರ, ಅಕ್ಟೋಬರ್ 23ರಂದು, ಡಚ್ ದೈತ್ಯ ಆಂಟನ್ ಗೀಸಿಂಕ್ ಜಪಾನಿನ ಅಕಿಯೊ ಕಮಿನಾಗಾ ಅವರನ್ನು ನೆಲಕ್ಕೊತ್ತಿ ಹಿಡಿದು ಗೆದ್ದರು. ಖುಷಿಯಿಂದ ಚಾಪೆಯತ್ತ ನುಗ್ಗಿದ ತನ್ನ ದೇಶದವರನ್ನು ಗೀಸಿಂಕ್ ಕೈಯೆತ್ತಿ ತಡೆದದ್ದನ್ನು ಜೂಡೊದವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಆದರೆ ಆ ಪಂದ್ಯ ಹೇಳಿದ ಸತ್ಯ ಕಠಿಣವಾದದ್ದು. ದೊಡ್ಡವನಿಗೂ ವಿದ್ಯೆ ಬಂದುಬಿಟ್ಟರೆ ಚಿಕ್ಕವನಿಗೆ ವಿದ್ಯೆಯೊಂದೇ ಸಾಲದು. 1984ರ ನಂತರ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಮುಕ್ತ ವಿಭಾಗವೇ ಇಲ್ಲ. 60 ಕೆ.ಜಿ. ವಿಭಾಗ ಸೇರಿದ್ದು 1980ರಲ್ಲಿ, ಮಾಸ್ಕೊದಲ್ಲಿ. ಚಿಕ್ಕವನು ದೊಡ್ಡವನನ್ನು ಗೆಲ್ಲುವ ಕನಸಿನಿಂದ ಹುಟ್ಟಿದ ಆಟವೇ ನೂರು ವರ್ಷದಲ್ಲಿ ಆ ಕನಸನ್ನು ಬದಿಗಿಟ್ಟು, ಚಿಕ್ಕವನಿಗೆ ಚಿಕ್ಕವನನ್ನೇ ಎದುರು ನಿಲ್ಲಿಸುವ ದಾರಿ ಹಿಡಿಯಿತು. ಇದನ್ನು ನಾನು ಆ ಆಟದ ಸೋಲು ಎಂದುಕೊಂಡಿಲ್ಲ. ಅದು ಪ್ರಬುದ್ಧವಾದದ್ದು ಹೀಗೆ.

*

ಸಮಾನರನ್ನು ಎದುರುಬದುರು ನಿಲ್ಲಿಸುವ ವಿದ್ಯೆ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಸಂಸ್ಕೃತ ಕೃತಿಯಾದರೂ ನಮ್ಮ ನೆಲದ್ದು. ಅದರ ಮಲ್ಲವಿನೋದ ಭಾಗದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಾಗಿ ವಿಂಗಡಿಸಲಾಗಿದೆ. ಅವರ ಊಟ, ಸಾಮು, ವಿಶ್ರಾಂತಿಯ ವಿವರವೂ ಇದೆ. ಅರಮನೆಯ ಮನರಂಜನೆಗೆಂದು ಬರೆದ ಪುಸ್ತಕಕ್ಕೂ ಯಾರನ್ನು ಯಾರೆದುರು ಬಿಡಬೇಕು ಎಂಬ ಯೋಚನೆ ಬೇಕಾಗಿತ್ತು.

ಹಳೆ ಮೈಸೂರಿನ ಗರಡಿಗಳಲ್ಲಿ ಈ ಯೋಚನೆಗೆ ಒಂದು ಹೆಸರಿದೆ: ಜೋಡಿ ಕಟ್ಟುವುದು. ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಸುತ್ತಲ ಊರುಗಳ ಪೈಲ್ವಾನರು ಸೇರುತ್ತಾರೆ. ಹುಡುಗರು ಅಂಗಿ ಬಿಚ್ಚಿ ನಿಲ್ಲುತ್ತಾರೆ. ಉಸ್ತಾದರು ನೋಡುತ್ತಾರೆ: ಎತ್ತರ, ಕತ್ತಿನ ದಪ್ಪ, ತೊಡೆಯ ಬಲ, ವಯಸ್ಸು, ಯಾವ ಗರಡಿ, ಎಷ್ಟು ವರ್ಷದ ತಾಲೀಮು, ಕಳೆದ ಸಲ ಯಾರ ಜತೆ ಆಡಿದ್ದ. ಇಬ್ಬರಿಗೂ ಒಪ್ಪಿಗೆಯಾದರೆ ಕೈ ಕುಲುಕುತ್ತಾರೆ, ಜೋಡಿ ಆಯಿತು. ಚಾಮರಾಜನಗರಕ್ಕೆ ಇದರಲ್ಲಿ ವಿಶೇಷ ಪಾಲಿದೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳ ಜತೆ ಚಾಮರಾಜನಗರದ ಜಟ್ಟಿಗಳೂ ಹೋಗುತ್ತಾರೆ. ತಲೆ ಬೋಳಿಸಿಕೊಂಡು, ಮುಷ್ಟಿಗೆ ಆಯುಧ ತೊಟ್ಟು ಇಳಿಯುವ ಆ ಕಾಳಗ ಮೊದಲ ರಕ್ತ ಕಂಡ ಕೂಡಲೇ ನಿಲ್ಲುತ್ತದೆ. ಅಷ್ಟು ಚಿಕ್ಕ ಅವಧಿಯ ಕಾಳಗಕ್ಕೂ ಜೋಡಿಗಳನ್ನು ವಾರಗಳ ಮೊದಲೇ ಆರಿಸಿರುತ್ತಾರೆ.

ಜೋಡಿ ಎಂಬ ಪದವನ್ನು ಗಮನಿಸಿ. ಎತ್ತಿನ ಜೋಡಿ ಎನ್ನುತ್ತೇವೆ, ಗಂಡುಹೆಣ್ಣಿನ ಜೋಡಿ ಎನ್ನುತ್ತೇವೆ. ಹೊಡೆದಾಡಲು ಹೊರಟ ಇಬ್ಬರಿಗೂ ಅದೇ ಪದ. ಎದುರಾಳಿ ಎಂಬುದಕ್ಕಿಂತ ಇದು ಹೆಚ್ಚು ಹೇಳುತ್ತದೆ. ಇವನಿಲ್ಲದೆ ಅವನ ಆಟವಿಲ್ಲ ಎಂಬ ತಿಳಿವಳಿಕೆ ಆ ಪದದಲ್ಲಿದೆ. ಉಸ್ತಾದರ ಕಣ್ಣು ತಕ್ಕಡಿಗಿಂತ ಹೆಚ್ಚಿನದನ್ನು ತೂಗುತ್ತದೆ, ನಿಜ. ಎಪ್ಪತ್ತು ಕಿಲೊದ ಹತ್ತು ವರ್ಷದ ಅನುಭವವನ್ನೂ ಎಪ್ಪತ್ತು ಕಿಲೊದ ಹತ್ತು ತಿಂಗಳ ಉತ್ಸಾಹವನ್ನೂ ಅದು ಜೋಡಿ ಎನ್ನುವುದಿಲ್ಲ.

ಹಾಗೆಂದು ಈ ಕಣ್ಣನ್ನು ಪೂಜಿಸಲು ನಾನು ಸಿದ್ಧನಿಲ್ಲ. ಜಾನಪದದ ಮೇಲೆ ಕೆಲಸ ಮಾಡುವ ನನ್ನಂಥವರಿಗೆ ಇರುವ ದೊಡ್ಡ ಆಮಿಷವೇ ಅದು: ಹಳೆಯದು ಮನುಷ್ಯರದ್ದು, ಹೊಸದು ಯಂತ್ರದ್ದು ಎಂದು ಬರೆದು ಅಧ್ಯಾಯ ಮುಗಿಸುವುದು. ನೋಡುವ ಕಣ್ಣು ಎಲ್ಲಿ ಬೆಳೆದದ್ದು ಎಂದು ಕೇಳಬೇಕಲ್ಲ. ಗರಡಿ ಬೀದಿಯದ್ದು, ಬೀದಿ ಕುಲದ್ದು. ಯಾವ ಕೇರಿಯ ಹುಡುಗ ಯಾವ ಮಟ್ಟಿಯ ಮಣ್ಣಿಗೆ ಇಳಿಯಬಹುದು ಎಂಬ ಪ್ರಶ್ನೆ ಜೋಡಿ ಕಟ್ಟುವುದಕ್ಕೂ ಮೊದಲೇ ತೀರ್ಮಾನವಾಗಿರುತ್ತಿತ್ತು. ಮೈಗೆ ಮೈ ತಾಗದೆ ಕುಸ್ತಿಯಿಲ್ಲ. ಮೈ ಮುಟ್ಟುವುದೇ ದೊಡ್ಡ ವಿಷಯವಾಗಿರುವ ಊರಿನಲ್ಲಿ ಉಸ್ತಾದರ ಕಣ್ಣು ಕೆಲವು ದೇಹಗಳನ್ನು ತೂಗಲೇ ಇಲ್ಲ. ತಕ್ಕಡಿಗೆ ಆ ದೋಷವಿಲ್ಲ. ಅದರ ಮೇಲೆ ನಿಂತವನ ಕೇರಿ ಯಾವುದೆಂದು ಅದು ಕೇಳುವುದಿಲ್ಲ. 60 ಅಂದರೆ 60. ಈ ಒಂದು ಗುಣಕ್ಕಾಗಿ ನಾನು ತಕ್ಕಡಿಗೆ ಕೈ ಮುಗಿಯುತ್ತೇನೆ.

*

ತಕ್ಕಡಿಗೂ ಕಾಣದ್ದು ಇದೆ ಎಂದು ನನಗೆ ತಿಳಿದದ್ದು ಪುಸ್ತಕದಿಂದ ಅಲ್ಲ.

ನಾನು ಪಿಯುಸಿ ಓದುವಾಗ ಕುಸ್ತಿ ಪಂದ್ಯಾವಳಿಯೊಂದಕ್ಕೆ ಹೋಗಿದ್ದೆ. ಪೈಲ್ವಾನನಾಗಿ ಅಲ್ಲ. ನಮ್ಮ ಮೇಷ್ಟ್ರು ಪಟ್ಟಿ ನೋಡಿ, ‘ಐವತ್ತು ಕೆ.ಜಿ.ಲಿ ಒಬ್ಬನೇ ಅವ್ನೆ ಕಣ್ಲಾ. ನೀ ಹೋಗಿ ನಿಂತ್ಕಂಡ್ರೂ ಸೆಕೆಂಡ್ ಪ್ಲೇಸು’ ಅಂದರು. ನನ್ನ ತೂಕ ಐವತ್ತೆರಡು. ಎರಡು ದಿನ ಅನ್ನ ಬಿಟ್ಟೆ. ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟು ಬೆಳಗಿನ ಜಾವ ಊಟಿ ರಸ್ತೆಯಲ್ಲಿ ಓಡಿದೆ. ಬಾಯಲ್ಲಿ ಬಂದ ಎಂಜಲನ್ನೂ ಉಗುಳುತ್ತಿದ್ದೆ. ತಕ್ಕಡಿಯಲ್ಲಿ ಮುಳ್ಳು ಐವತ್ತಕ್ಕೆ ಬಂದು ನಿಂತಿತು. ನನ್ನ ಜೋಡಿಯಾದ ಹುಡುಗ ಕಾಡಂಚಿನ ಊರಿನವನು, ಮೊದಲ ಬಸ್ಸಿಗೆ ಬಂದಿದ್ದ. ಅವನೂ ಐವತ್ತು. ಅವನು ಏನೂ ಇಳಿಸಿಕೊಂಡಿರಲಿಲ್ಲ. ಅವನ ಮೈ ಇದ್ದದ್ದೇ ಅಷ್ಟು. ‘ಏನ್ ತಿಂದ್ಕಂಡ್ ಬಂದಣ್ಣ?’ ಎಂದು ಕೇಳಿದ. ಏನೂ ಇಲ್ಲ ಎಂದೆ. ‘ನಾನೂ ಅಷ್ಟೇಯ’ ಎಂದು ನಕ್ಕ. ಇಬ್ಬರ ಹೊಟ್ಟೆಯೂ ಖಾಲಿ, ಇಬ್ಬರೂ ಐವತ್ತು. ನನ್ನದು ಎರಡು ದಿನದ ಉಪವಾಸ. ಅವನು ಮನೆಯಿಂದ ಹಾಗೆಯೇ ಹೊರಟು ಬಂದಿದ್ದ. ಸೀಟಿ ಊದಿ ನಿಮಿಷವಾಗುವಷ್ಟರಲ್ಲಿ ನನ್ನ ಬೆನ್ನು ನೆಲಕ್ಕಿತ್ತು.

ದ್ವಿತೀಯ ಸ್ಥಾನದ ಪ್ರಮಾಣಪತ್ರ ಇನ್ನೂ ನನ್ನ ಫೈಲಿನಲ್ಲಿದೆ. ಮುಂದೆ ಒಂದೆರಡು ಅರ್ಜಿಗಳಿಗೆ ಅದನ್ನು ಲಗತ್ತಿಸಿದ್ದೂ ಉಂಟು. ಗೆದ್ದ ಹುಡುಗ ಮರುವರ್ಷ ಬರಲಿಲ್ಲ. ಮನೆಯವರ ಜತೆ ಶುಂಠಿ ಕೆಲಸಕ್ಕೆ ಕೇರಳದ ಕಡೆ ಹೋದನೆಂದು ಯಾರೋ ಹೇಳಿದರು. ಅವನ ಪ್ರಮಾಣಪತ್ರ ಯಾವ ಅರ್ಜಿಗೆ ಲಗತ್ತಾಯಿತೋ.

ದೊಡ್ಡ ಅಂಗಳಗಳಲ್ಲೂ ತಕ್ಕಡಿಯ ಕಥೆ ಇದೇ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಕುಸ್ತಿಪಟುವಾಗಲು ಹೊರಟವರು, ಉಜಿರೆಯಲ್ಲಿ ಕಾಲೇಜಿಗೆ ಸೇರಿ ಭಾರ ಎತ್ತುವಿಕೆಗೆ ಬಂದವರು. 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ 56 ಕೆ.ಜಿ. ವಿಭಾಗದಲ್ಲಿ 249 ಕಿಲೊ ಎತ್ತಿ ಬೆಳ್ಳಿ ಗೆದ್ದರು. ಅದೇ ವರ್ಷ ಅಂತರರಾಷ್ಟ್ರೀಯ ಒಕ್ಕೂಟ ತೂಕದ ವಿಭಾಗಗಳನ್ನೇ ಬದಲಿಸಿತು. 56 ಎಂಬ ಅಂಗಳ ಇಲ್ಲವಾಯಿತು. ಅವರು 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ನಿಂತು 269 ಕಿಲೊ ಎತ್ತಿ ಕಂಚು ತಂದರು. ನಿಂತ ನೆಲವೇ ಸರಿದುಹೋದ ಮೇಲೆ ಹೊಸ ನೆಲಕ್ಕೆ ಹೊಸ ಮೈ ಕಟ್ಟಿಕೊಂಡ ಮನುಷ್ಯನ ಸಾಹಸವದು. ಆದರೆ ಹಲವು ಬರಹಗಳಲ್ಲಿ ಅದು ‘ಬೆಳ್ಳಿಯಿಂದ ಕಂಚಿಗೆ ಇಳಿದ’ ಸಾಲಾಗಿಯೋ, ವಾಹನ ಚಾಲಕರ ಮಗನ ಬಡತನದ ಕಥೆಯಾಗಿಯೋ ಕಾಣಿಸಿಕೊಂಡಿತು. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ಕುಸ್ತಿಯ ಫೈನಲ್ ದಿನ ಬೆಳಿಗ್ಗೆ ನೂರು ಗ್ರಾಂ ಹೆಚ್ಚಾಗಿ ಅನರ್ಹರಾದಾಗ ಮಾತ್ರ ಇಡೀ ದೇಶ ತಕ್ಕಡಿಯನ್ನು ನೋಡಿತು. ಆಗಲೂ ಅದನ್ನು ನಾವು ಓದಿದ್ದು ಪಿತೂರಿಯಾಗಿ ಅಥವಾ ವಿಧಿಯಾಗಿ. ತೂಕ ಇಳಿಸುವ ರಾತ್ರಿಗಳು ಈ ಆಟಗಳ ನಿತ್ಯದ ಬದುಕು ಎಂಬುದು ಎರಡು ವಾರದಲ್ಲಿ ಮರೆತುಹೋಯಿತು.

*

ನಮ್ಮ ಸಿನಿಮಾಗಳೂ ಇದಕ್ಕೆ ಹೊರತಲ್ಲ. 2019ರ ‘ಪೈಲ್ವಾನ್’ ಚಿತ್ರದ ನಾಯಕ ಮಣ್ಣಿನ ಕುಸ್ತಿಯಿಂದ ಬಾಕ್ಸಿಂಗ್ ರಿಂಗಿಗೆ ಹೋಗುತ್ತಾನೆ. ಚಿತ್ರ ನೋಡಿ ಬಂದವರಿಗೆ ಅವನ ಮೈ, ಅವನ ಕಣ್ಣೀರು, ಅವನ ಹೊಡೆತ ನೆನಪಿರುತ್ತದೆ. ಅವನು ಯಾವ ತೂಕದ ವಿಭಾಗದವನೆಂದು ಯಾರೂ ಕೇಳುವುದಿಲ್ಲ. ತೆರೆಯ ಮೇಲಿನ ನಾಯಕ ಸದಾ ಮುಕ್ತ ವಿಭಾಗದವನು. ಎದುರಿಗಿರುವವನು ದೊಡ್ಡವನಾದಷ್ಟೂ ಇವನು ದೊಡ್ಡವನು. ಕಥೆಗೆ ಇದು ಸಲ್ಲುತ್ತದೆ. ಜರಾಸಂಧನಿಲ್ಲದೆ ಭೀಮನಿಗೆ ಶೋಭೆಯೆಲ್ಲಿ? ನನ್ನ ತಕರಾರು ಕಥೆಯ ಮೇಲಲ್ಲ. ಕಥೆಯ ಆ ನಿಯಮವನ್ನೇ ನಾವು ವರದಿಗೂ ಬದುಕಿಗೂ ತಂದು ಹೇರಿದಾಗ ತೊಂದರೆ ಶುರುವಾಗುತ್ತದೆ.

‘ಬಡತನವನ್ನು ಮಣಿಸಿದ ವೀರ’ ಎಂದು ಬರೆಯುವಾಗ ನಾವು ಬಡತನವನ್ನು ತಿರುಚಿನಾಪಳ್ಳಿಯ ಜಟ್ಟಿಯನ್ನಾಗಿ ಮಾಡಿರುತ್ತೇವೆ. ಗೆದ್ದವನೊಬ್ಬ ಸಿಕ್ಕರೆ ಅದರ ಕೆಳಗೆ ನುಸುಳಿ ಹೋದ ನೂರು ಜನ ಸೋತವರಾಗುತ್ತಾರೆ, ಊರಬಾಗಿಲಿಗೆ ಆ ಚಲ್ಲಣ ಕಟ್ಟಿದ್ದು ಯಾರೆಂದು ಯಾರೂ ಕೇಳುವುದಿಲ್ಲ. ನಮ್ಮ ಕಥನದ ಪ್ರಕಾರ ಶುಂಠಿ ಕೆಲಸಕ್ಕೆ ಹೋದ ಆ ಹುಡುಗ ಸಾಕಷ್ಟು ಛಲವಿಲ್ಲದವನು. ಅವನನ್ನು ಹಾಗೆ ಕರೆಯಲು ನನ್ನ ಬೆನ್ನು ಒಪ್ಪುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನನಗೆ ಪಿಎಚ್.ಡಿ. ಸೀಟು ಸಿಕ್ಕಾಗ ಅಭಿನಂದಿಸಿದ ಕೆಲವರು ಮರುಮಾತಿನಲ್ಲೇ ‘ಯಾವ ಕೆಟಗರಿ?’ ಎಂದು ಕೇಳಿದರು. ವಿಜಯ್ ಕುಮಾರ್ ಯಾದವ್ ಅವರ ಕಂಚನ್ನು ಹಿಡಿದು, ‘ನೂರು ಕಿಲೊದವರೆದುರು ಗೆಲ್ಲುತ್ತಿದ್ದರೇ?’ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಗುತ್ತಿದ್ದೆವು. ಆಟದಲ್ಲಿ ವಿಭಾಗ ಎಂದರೆ ನ್ಯಾಯ ಎಂದು ನಮಗೆ ತಾನಾಗಿ ಅರ್ಥವಾಗುತ್ತದೆ, ಪ್ರತಿಭೆಗೆ ಅದರಿಂದ ಕುಂದಿಲ್ಲ ಎಂದೂ ಗೊತ್ತಿದೆ. ಕಾಲೇಜಿನ ಸೀಟಿನ ವಿಷಯಕ್ಕೆ ಬಂದಾಗ ಅದೇ ನಾವು ‘ಮುಕ್ತ’ ಎಂಬ ಪದಕ್ಕೆ ಮನಸೋಲುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ ರಾಜ್ಯ ಇದು. ಒಂದೇ ಅಂಗಳದಲ್ಲಿ ಎಲ್ಲರನ್ನೂ ಬಿಟ್ಟರೆ ಯಾರು ಗೆಲ್ಲುತ್ತಾರೆ ಎಂಬುದು ಜೂಡೊದ ಮುಕ್ತ ವಿಭಾಗ ಹುಟ್ಟುವುದಕ್ಕೂ ಮೊದಲೇ ಇಲ್ಲಿ ಕೆಲವರಿಗೆ ತಿಳಿದಿತ್ತು.

ಈ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬ ಎಚ್ಚರವೂ ನನಗಿದೆ. ತೂಕವನ್ನು ಇಳಿಸಬಹುದು, ಏರಿಸಬಹುದು. ಜಾತಿಯನ್ನು ಎರಡು ಸ್ವೆಟರ್ ತೊಟ್ಟು ಓಡಿ ಬೆವರಿಸಲಾಗದು. ತೂಕದ ವಿಭಾಗ ಹಗುರದವನನ್ನೂ ಭಾರದವನನ್ನೂ ಎಂದಿಗೂ ಭೇಟಿ ಮಾಡಿಸುವುದಿಲ್ಲ. ಮೀಸಲಾತಿಯ ಆಶಯ ಅದಕ್ಕೆ ತದ್ವಿರುದ್ಧ; ಅದು ಎಲ್ಲರನ್ನೂ ಒಂದೇ ಕೊಠಡಿಗೆ, ಒಂದೇ ಬೆಂಚಿಗೆ ತರಲು ನೋಡುತ್ತದೆ. ಆದರೂ ಎರಡಕ್ಕೂ ತಳದಲ್ಲಿರುವ ಅರಿವು ಒಂದೇ: ಸೀಟಿ ಊದುವ ಮೊದಲೇ ಪಂದ್ಯದ ಅರ್ಧ ಭಾಗ ಮುಗಿದಿರುತ್ತದೆ. ಕ್ರೀಡಾಪುಟ ಓದಿ ಬೆಳೆಯುವ ಹುಡುಗನಿಗೆ ಈ ಅರಿವು ಅಲ್ಲೇ ಸಿಗಬೇಕಿತ್ತು. 60 ಎಂಬ ಅಂಕಿಯನ್ನು ಮಾರ್ಗಸಂಖ್ಯೆಯಂತೆ ಬರೆದು ಬಿಟ್ಟಾಗ ಕೈತಪ್ಪುವುದು ಅದೇ.

*

ಸರಿಯಾಗಿ ತೂಗಿದ ಮೇಲೂ ಕಣ್ಣಿನ ಕೆಲಸ ಮುಗಿಯುವುದಿಲ್ಲ. 2024ರ ಜುಲೈ 27ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 60 ಕೆ.ಜಿ. ಜೂಡೊ ಕ್ವಾರ್ಟರ್‌ಫೈನಲ್‌ನಲ್ಲಿ ಜಪಾನಿನ ರ್ಯುಜು ನಾಗಯಾಮಾ ಮತ್ತು ಸ್ಪೇನಿನ ಫ್ರಾನ್ಸಿಸ್ಕೊ ಗಾರಿಗೋಸ್ ನೆಲದ ಮೇಲೆ ಸೆಣಸುತ್ತಿದ್ದರು. ಗಾರಿಗೋಸ್ ಕೈ ನಾಗಯಾಮಾ ಕುತ್ತಿಗೆಯನ್ನು ಬಿಗಿದಿತ್ತು. ತೀರ್ಪುಗಾರರು ‘ಮಾತೆ’, ನಿಲ್ಲಿಸಿ ಎಂದರು. ಆ ಮಾತು ಕೇಳಿ ನಾಗಯಾಮಾ ಮೈ ಸಡಿಲಿಸಿದರು, ಹಿಡಿತ ಕೆಲವು ಕ್ಷಣ ಮುಂದುವರಿಯಿತು, ಅವರಿಗೆ ಎಚ್ಚರ ತಪ್ಪಿದಂತಾಯಿತು. ತೀರ್ಪು ಗಾರಿಗೋಸ್ ಪರ, ಇಪ್ಪೊನ್. ನಾಗಯಾಮಾ ಕೈ ಕುಲುಕಲು ಒಪ್ಪದೆ ನಿಮಿಷಗಟ್ಟಲೆ ಚಾಪೆಯ ಮೇಲೆಯೇ ನಿಂತರು. ಇಬ್ಬರ ತೂಕವೂ ಗ್ರಾಂ ಲೆಕ್ಕದಲ್ಲಿ ಪರೀಕ್ಷೆಯಾಗಿತ್ತು. ಅನ್ಯಾಯ ಬಂದದ್ದು ತಕ್ಕಡಿಯ ಕೈಗೆ ಎಟುಕದ ಜಾಗದಿಂದ.

ಆ ದಿನ ಚಿನ್ನ ಕಜಾಕಸ್ತಾನದ ಯೆಲ್ದೋಸ್ ಸ್ಮೆಟೊವ್ ಅವರದ್ದು. ನಾಗಯಾಮಾ, ಗಾರಿಗೋಸ್ ಇಬ್ಬರಿಗೂ ಕಂಚು ಬಂತು. ಜಗಳ ಕಾದು ಕುಳಿತಿದ್ದ ಲೋಕ ಗಾರಿಗೋಸ್‌ರನ್ನು ನಿಂದಿಸಲು ತೊಡಗಿತ್ತು. ಗಾರಿಗೋಸ್ ಹೋಗಿ ಕಂಡು ಮಾತಾಡಿದರು, ನಾಗಯಾಮಾ ಅವರ ಪರವಾಗಿ ನಿಂತು ನಿಂದನೆ ಸಾಕು ಎಂದರು. ಕಾನೊ ಜಿಗೊರೊ ತನ್ನ ಶಿಷ್ಯರಿಗೆ ಬಿಟ್ಟುಹೋದ ಎರಡು ಸೂತ್ರಗಳಲ್ಲಿ ಒಂದು ‘ಜಿತಾ ಕ್ಯೋಯೆಯ್’. ನಾನೂ ನೀನೂ ಕೂಡಿ ಏಳಿಗೆಯಾಗುವುದು ಎಂದು ಅದರ ಭಾವ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಿದರೆ ನನಗೆ ಸಿಗುವುದು ಗರಡಿಯ ಪದವೇ, ಜೋಡಿ.

ಹಾಗಾಗಿ ಜೋಡಿಯನ್ನು ಹೊಗಳಿ ತಕ್ಕಡಿಯನ್ನು ತೆಗಳುವ ಅಥವಾ ಅದರ ತಿರುವುಮುರುವು ಬರಹ ಇದಲ್ಲ. ಕೇರಿ ಕೇಳದ ತಕ್ಕಡಿ ಬೇಕು. ಹಸಿವನ್ನೂ ಅನುಭವವನ್ನೂ ಗುರುತಿಸುವ ಕಣ್ಣೂ ಬೇಕು. ಕ್ರೀಡೆಯ ಬಗ್ಗೆ ಬರೆಯುವವರು ಈ ಎರಡನ್ನೂ ಬರೆಯಲು ಕಲಿಯಬೇಕು: ಯಾವ ವಿಭಾಗ, ಆ ವಿಭಾಗ ಹೇಗೆ ಬಂತು, ಆ ತೂಕಕ್ಕೆ ಬರಲು ಅವನು ಏನು ಮಾಡಿದ, ಎದುರಿಗಿದ್ದವನು ಯಾರು, ಸೋತವನು ಮರುವರ್ಷ ಬಂದನೋ ಇಲ್ಲವೋ. ಇವಿಷ್ಟು ವಿವರಗಳಿದ್ದರೆ 58 ಸೆಕೆಂಡಿನ ಬೆರಗು ಕಡಿಮೆಯಾಗುವುದಿಲ್ಲ.

ತೆರಕಣಾಂಬಿಯ ಕಥೆಯನ್ನು ನಾನು ಈಗಲೂ ಖುಷಿಯಿಂದ ಕೇಳುತ್ತೇನೆ. ಕೇಳುವಾಗ ಮಾತ್ರ ಆ ಐವತ್ತು ಕಿಲೊದ ಹುಡುಗ ನೆನಪಾಗುತ್ತಾನೆ. ನನ್ನ ಬದುಕಿನ ಒಂದೇ ಒಂದು ಕುಸ್ತಿಯಲ್ಲಿ ನನಗೆ ಜೋಡಿಯಾಗಿ ನಿಂತವನು. ಹೆಸರು ಕೇಳಿಕೊಳ್ಳಲಿಲ್ಲ, ಕಂಠೀರವನ ಹಾಗೆ ಅವನೂ ಹೆಸರು ಹೇಳದೆ ಗೆದ್ದು ಹೋದ. ಅವನು ಹತ್ತಿದ್ದ ಬಸ್ಸು ಗುಂಡ್ಲುಪೇಟೆ ಕಡೆಯದ್ದು ಎಂಬುದಷ್ಟೇ ಗೊತ್ತು.